ಬಹುಧಾನ್ಯ ಸಂವತ್ಸರದ ಮನೆ

ಊರು ಎಂದೊಡನೆ ಕಣ್ಣು ತೇವವಾಗದವರು ನಮ್ಮ ಸಂಘದಲ್ಲಿ ವಿರಳ. ಆದರೆ ನಿಮ್ಮ ಊರಿನ ಮನೆಗೆ ಕಂಬಗಳೆಷ್ಟು, ಬಾಗಿಲುಗಳೆಷ್ಟು ಎಂದು ಕೇಳಿದರೆ ಥಟ್ಟನೆ ಉತ್ತರ ಕೊಡಬಲ್ಲವರು ಎಷ್ಟು ಮಂದಿ? ನಾವಂತೂ ಕೊಡಲಾರದವರ ಸಾಲಿಗೇ ಸೇರಿದವರು. ಪುಣೆಗೆ ಬಂದು ಎರಡು ತಲೆಮಾರಾಯಿತು. ರಜೆಗೆ ಹೋಗುತ್ತೇವೆ, ಪಡಸಾಲೆಯಲ್ಲಿ ಹೊರಳಾಡುತ್ತೇವೆ, ಜೋಳದ ರೊಟ್ಟಿ ತಿಂದು ಬರುತ್ತೇವೆ. ಮನೆಯನ್ನು ನೋಡಿದ್ದೇವೆಯೆ ಎಂದರೆ, ಇಲ್ಲ.

ಈಗ ನೋಡಲೇಬೇಕಾಗಿ ಬಂತು. ನಮ್ಮದು ಬಾಗಲಕೋಟೆ ಜಿಲ್ಲೆಯಲ್ಲಿ ಘಟಪ್ರಭೆಯ ದಂಡೆಗೆ ಸಮೀಪವಿರುವ ಒಂದು ಸಣ್ಣ ಊರು. ಆಲಮಟ್ಟಿ ಜಲಾಶಯದ ನೀರು ಈಗ ೫೧೯.೬ ಮೀಟರಿನವರೆಗೆ ನಿಲ್ಲುತ್ತದೆ. ಕೃಷ್ಣಾ ನ್ಯಾಯಮಂಡಳಿಯು ೨೦೧೦ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪು ಅದನ್ನು ೫೨೪.೨೫೬ ಮೀಟರಿಗೆ ಏರಿಸಲು ಒಪ್ಪಿದೆ. ಲೆಕ್ಕ ಹಾಕಿದರೆ ಹದಿನೈದು ಅಡಿಗೆ ಚೂರು ಮೇಲೆ. ಪತ್ರಿಕೆಯಲ್ಲಿ ಓದುವಾಗ ಅದೊಂದು ಅಂಕಿ ಅಷ್ಟೆ. ನಮ್ಮ ಮನೆಯ ಹೊಸ್ತಿಲಿನಿಂದ ಮಾಳಿಗೆಯ ತಲೆಯವರೆಗೆ ಅಳೆದರೂ ಹದಿನೈದು ಅಡಿಯೇ ಆಗುತ್ತದೆ. ಹಿಂದೆ ಬಾಗಲಕೋಟೆಯ ಹಳೆಯ ಪೇಟೆ ಮುಳುಗಿ ಜನ ನವನಗರಕ್ಕೆ ಹೋದುದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡವರು. ನೀರು ಬೇಡವೆನ್ನುವವರು ನಾವಲ್ಲ. ಬರಗಾಲದ ನಾಡಿನವರು ನೀರಿಗೆ ಬೇಡವೆನ್ನುವುದು ಹೇಗೆ? ಆದರೆ ಮನೆಯ ಗೋಡೆಗೆ ಅಳತೆಯವರು ಬಣ್ಣದ ಗುರುತು ಹಾಕಿ ಹೋದರೆಂದು ಸುದ್ದಿ ಬಂದ ರಾತ್ರಿ ನಮ್ಮಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಅಳತೆಯವರ ಕಾಗದದಲ್ಲಿ ನಮ್ಮ ಮನೆ ಇಷ್ಟು ಚದರಡಿ ಕಲ್ಲುಮಣ್ಣಿನ ಕಟ್ಟಡ. ಅದು ಅವರ ಕೆಲಸಕ್ಕೆ ಸಾಕು. ನಮಗೆ ಸಾಲದು. ಹಾಗಾಗಿ ದೀಪಾವಳಿಯ ರಜೆಯಲ್ಲಿ ಅಳತೆಪಟ್ಟಿ, ಗೆರೆ ಕಾಗದ, ಕ್ಯಾಮೆರಾ ಹಿಡಿದು ನಾವು ನಾಲ್ವರು ಊರಿಗೆ ಹೊರಟೆವು.

ಮನೆಯಲ್ಲಿ ಈಗ ಇರುವವರು ನಮ್ಮ ಸೋದರತ್ತೆ ಒಬ್ಬರೇ. ಎಂಬತ್ತೇಳು ವರ್ಷ. ನಾವು ಬಂದ ಕಾರಣ ಕೇಳಿ ಅವರು ನಕ್ಕರು. “ಮನೀ ಅಳೀಲಿಕ್ಕೆ ಬಂದೀರೇನು? ನಾ ಇಷ್ಟು ವರ್ಷ ಇದರಾಗ ಕಸಾ ಹೊಡದೀನಿ. ನನ್ನ ಕೇಳ್ರಿ, ಎಷ್ಟು ಅದ ಅಂತ ಹೇಳ್ತೀನಿ.”

ನಮ್ಮ ಕಡೆಯ ಮನೆಗಳನ್ನು ಅರಿಯದ ಓದುಗರಿಗಾಗಿ ಒಂದಿಷ್ಟು ವಿವರ ಹೇಳಬೇಕು. ಮಲೆನಾಡಿನವರು, ಕರಾವಳಿಯವರು ಮನೆ ಎಂದರೆ ಇಳಿಜಾರಿನ ಹಂಚಿನ ಮಾಡನ್ನು ನೆನೆಯುತ್ತಾರೆ. ನಮ್ಮದು ಮಳೆ ಕಡಿಮೆ, ಬಿಸಿಲು ಅತಿ. ಆದುದರಿಂದ ಮೇಲ್ಮುದ್ದೆಯ ಮನೆ, ಎಂದರೆ ಮಟ್ಟಸವಾದ ಮಣ್ಣಿನ ಮಾಳಿಗೆ. ಗೋಡೆ ಊರ ಕಲ್ಲಿನದು. ಕೆಸರಿನಲ್ಲಿ ಕೂಡಿಸಿದ್ದು, ಸುಮಾರು ಎರಡೂಮುಕ್ಕಾಲು ಅಡಿ ದಪ್ಪ. ಕಿಟಕಿ ಎಂಬುದು ಬೀದಿಯ ಕಡೆಗೆ ಇಲ್ಲವೇ ಇಲ್ಲ. ಬೆಳಕು ಬರುವುದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ಒಲೆಯ ಹೊಗೆ ಹೋಗುವುದೂ ಅಲ್ಲಿಂದಲೇ. ಮಳೆ ಬಂದರೆ ಅದರ ಮೇಲೆ ಒಂದು ಗಡಿಗೆ ಬೋರಲು ಹಾಕುವುದು ಮನೆಯ ಹುಡುಗರ ಕೆಲಸ. ಮಧ್ಯಾಹ್ನ ಹನ್ನೆರಡಕ್ಕೆ ಆ ಕಿಂಡಿಯ ಬಿಸಿಲು ನಡುಮನೆಯ ಯಾವ ಕಲ್ಲಿನ ಮೇಲೆ ಬೀಳುತ್ತದೆಂದು ಅತ್ತೆ ಬಲ್ಲರು. ಗಡಿಯಾರ ಬಂದದ್ದು ಎಷ್ಟೋ ಈಚೆಗೆ.

ತಲೆಬಾಗಿಲ ಎರಡು ಮಗ್ಗುಲಿಗೆ ಕಟ್ಟೆ. ಬಾಗಿಲಿಗೆ ಅಗುಳಿ, ಗೋಡೆಯ ಒಳಗೇ ಹುದುಗಿಸಿಟ್ಟ ಉದ್ದನೆಯ ತೊಲೆ, ಎಳೆದರೆ ಬಾಗಿಲಿಗೆ ಅಡ್ಡ ಬರುತ್ತದೆ. ಬಾಗಿಲು ದಾಟಿದೊಡನೆ ಕಾಲ ಕೆಳಗೆ ಇರುವುದು ದಂದಕ್ಕಿ, ಅಂದರೆ ದನ ಕಟ್ಟುವ ಜಾಗ. ಪೇಟೆಯಲ್ಲಿ ಬೆಳೆದ ನಮ್ಮ ಮಗನಿಗೆ ಇದು ವಿಚಿತ್ರವಾಗಿ ಕಂಡಿತು: ಮನೆಯ ಮುಂಬಾಗದಲ್ಲಿ ಎತ್ತುಗಳೆ? ಹೌದು. ಎತ್ತು ಹೋದರೆ ಒಕ್ಕಲುತನ ಹೋಯಿತು. ಬೀದಿಗೂ ಮನುಷ್ಯರಿಗೂ ನಡುವೆ ಅವುಗಳ ಸ್ಥಾನ. ದಂದಕ್ಕಿಗಿಂತ ಎರಡೂವರೆ ಅಡಿ ಎತ್ತರದಲ್ಲಿ ಪಡಸಾಲೆ. ಅದರ ಅಂಚಿಗೇ ಗೋದಲಿ. ಪಡಸಾಲೆಯಲ್ಲಿ ಮಲಗಿದವನು ಕೈಚಾಚಿ ಎತ್ತಿನ ಮುಂದೆ ಕಣಿಕೆ ಹಾಕಬಹುದು. ಪಡಸಾಲೆ ಮುಗಿದರೆ ನಡುಮನೆ, ಬಲಕ್ಕೆ ದೇವರ ಮನೆ, ಎಡಕ್ಕೆ ಅಡುಗೆಮನೆ, ಹಿಂದೆ ಬೆಳಕೇ ಕಾಣದ ಬಾಣಂತಿ ಕೋಣೆ. ನಮ್ಮ ತಂದೆ ಹುಟ್ಟಿದ್ದು ಅದೇ ಕೋಣೆಯಲ್ಲಿ, ಅತ್ತೆ ಹುಟ್ಟಿದ್ದೂ ಅಲ್ಲಿಯೇ. ಆಮೇಲೆ ಬಚ್ಚಲು, ಹಿತ್ತಲು.

ಮಾಳಿಗೆಯ ಕತೆ ಬೇರೆಯೇ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿಗಳು, ಜಂತಿಗಳ ಮೇಲೆ ಕಟ್ಟಿಗೆಯ ಸೀಳುಗಳು ಒತ್ತೊತ್ತಾಗಿ, ಅದರ ಮೇಲೆ ಬೇವಿನ ಸೊಪ್ಪು, ಕಣಿಕೆ, ಮೇಲೆ ಮಣ್ಣು. ಕಡೆಯ ಪದರ ಮಾತ್ರ ಬೇರೆಯ ಮಣ್ಣಿನದು. ಹೊಲದಲ್ಲಿ ಬೆಳೆ ಬಾರದ ಸವಳು ಮಣ್ಣನ್ನು ಜನ ಹಾಳು ಎಂದು ಬಯ್ಯುತ್ತಾರಷ್ಟೆ? ಮಾಳಿಗೆಗೆ ಅದೇ ಬೇಕು. ಮಳೆಹನಿ ಬಿದ್ದೊಡನೆ ಅದು ಕರಗಿ ನುಣ್ಣಗೆ ಹರಡಿ ಬಿರುಕನ್ನು ಮುಚ್ಚಿಬಿಡುತ್ತದೆ. ಉಪ್ಪಿನಂಶದಿಂದ ಹುಲ್ಲೂ ಬೇಗ ಹುಟ್ಟುವುದಿಲ್ಲ. ಹೊಲಕ್ಕೆ ಕೆಟ್ಟದ್ದು ಮನೆಗೆ ಒಳ್ಳೆಯದು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಒಂದು ಪದರ ಹೊಸದಾಗಿ ಹಾಕಬೇಕು. ನಾಲ್ಕು ವರ್ಷ ಬಿಟ್ಟರೆ ಮನೆ ತಾನಾಗಿ ಕುಸಿಯುತ್ತದೆ. ಊರಿನಲ್ಲಿ ಬೀಗ ಹಾಕಿದ ಮನೆಗಳು ಬೀಳುವುದು ಹೀಗೆಯೇ ಹೊರತು ವಯಸ್ಸಿನಿಂದಲ್ಲ.

ಅಳತೆಗೆ ನಿಂತ ಮೊದಲ ದಿನ ನಮಗೆ ತಲೆಚಿಟ್ಟು ಹಿಡಿಯಿತು. ಪಡಸಾಲೆಯ ಅಗಲ ೧೫ ಅಡಿ ೯ ಅಂಗುಲ, ಉದ್ದ ೨೯ ಅಡಿ ೩ ಅಂಗುಲ. ಕಂಬದಿಂದ ಕಂಬಕ್ಕೆ ೬ ಅಡಿ ೯ ಅಂಗುಲ. ಒಂದಾದರೂ ಪೂರ್ಣ ಅಂಕಿಯೇ? ಕಟ್ಟಿದವರು ಕಣ್ಣಂದಾಜಿನಲ್ಲಿ ಕಟ್ಟಿದರೆಂದು ನಮ್ಮ ಮಗ ತೀರ್ಪು ಕೊಟ್ಟೇಬಿಟ್ಟ. ಸಂಜೆ ಊರ ಬಡಿಗೇರ ಅಜ್ಜ ಬಂದರು. ಅವರ ಹಿರಿಯರೇ ಈ ಮನೆಯ ಕಂಬ ಕೆತ್ತಿದವರೆಂದು ಊರಿನ ಮಾತು. ನಮ್ಮ ಕಾಗದ ನೋಡಿ, ಏನೂ ಹೇಳದೆ ಎದ್ದು ಹೋದರು. ತಿರುಗಿ ಬಂದಾಗ ಕೈಯಲ್ಲಿ ಒಂದು ಕಪ್ಪು ಬಡಿದ ಗಜಕಡ್ಡಿ. ಅದರ ಮೇಲೆ ೨೪ ಗೀರು. ನಮ್ಮ ಪಟ್ಟಿಯಿಂದ ಅಳೆದೆವು: ಸರಿಯಾಗಿ ೨೭ ಅಂಗುಲ.

“ನಿಮ್ಮ ಪಟ್ಟಿ ಈ ಮನೀಗೆ ಹೊಂದೂದಿಲ್ರಿ. ಇದರಲೆ ಅಳೀರಿ,” ಎಂದರು ಅಜ್ಜ.

ಅಳೆದೆವು. ಪಡಸಾಲೆಯ ಅಗಲ ೭ ಗಜ, ಉದ್ದ ೧೩ ಗಜ. ಕಂಬದ ನಡುವೆ ೩ ಗಜ. ಎಲ್ಲವೂ ಪೂರ್ಣ, ಎಲ್ಲವೂ ಬೆಸ. ಆಯ ನೋಡಿ ಕಟ್ಟಿದ ಮನೆ. ಸಮ ಸಂಖ್ಯೆಯ ಆಯ ಅಶುಭವೆಂದು ಅವರ ಶಾಸ್ತ್ರ. ನಮಗೆ ಶಾಸ್ತ್ರದಲ್ಲಿ ನಂಬಿಕೆ ಇದೆಯೋ ಇಲ್ಲವೋ, ಆ ಮಾತು ಬೇರೆ. ಆದರೆ ಕಣ್ಣಂದಾಜು ಎಂದ ಮಗ ಮೆಲ್ಲಗೆ ಕಾಗದ ಹರಿದು ಹೊಸದಾಗಿ ಬರೆಯತೊಡಗಿದ. ಹಳೆಯ ಮನೆಯನ್ನು ಅಳೆಯಹೊರಡುವವರಿಗೆ ನಾವು ಕೊಡಬಹುದಾದ ಬುದ್ಧಿವಾದ ಒಂದೇ: ಮೊದಲು ಆ ಮನೆಯ ಕೋಲನ್ನು ಹುಡುಕಿರಿ. ಹಾಗೆಯೇ ಅಂಕಣ ಎಂಬ ಮಾತು. ನಮ್ಮ ಕಡೆ ಮನೆಯ ದೊಡ್ಡಸ್ತಿಕೆಯನ್ನು ಹೇಳುವುದು ಅಡಿಯಲ್ಲಲ್ಲ, ಅಂಕಣದಲ್ಲಿ. ಕಂಬ-ತೊಲೆಗಳ ನಡುವಿನ ಒಂದು ತೆರಪು ಒಂದು ಅಂಕಣ. ಅದು ಎಷ್ಟು ಅಗಲವೆಂಬುದು ಸಿಕ್ಕ ಮರದ ಉದ್ದವನ್ನು ನೆಚ್ಚಿಕೊಂಡ ಮಾತು.

ಇನ್ನು ಮನೆಯ ವಯಸ್ಸು. ಇದರ ಕುರಿತು ನಾವು ಚಿಕ್ಕಂದಿನಿಂದ ಕೇಳಿದ್ದು ಎರಡು ಮಾತು. ಒಂದು, ಇದು ಪೇಶವೆಯರ ಕಾಲದ ಮನೆ. ಎರಡು, ದೊಡ್ಡ ಬರದಲ್ಲಿ ನಮ್ಮ ಹಿರಿಯರು ಹಗೇವು ತೆರೆದು ಊರಿಗೆಲ್ಲ ಅನ್ನ ಹಾಕಿದರು. ಈ ಎರಡನ್ನೂ ನಾವು ಪುಣೆಯಲ್ಲಿ ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇವೆಂಬುದಕ್ಕೆ ಲೆಕ್ಕವಿಲ್ಲ.

ತಲೆಬಾಗಿಲ ಮೇಲಿನ ಗಣೇಶಪಟ್ಟಿಗೆ ತಲೆತಲಾಂತರದಿಂದ ಎಣ್ಣೆ-ಕುಂಕುಮ ಮೆತ್ತಿ ಅಕ್ಷರ ಮುಚ್ಚಿಹೋಗಿತ್ತು. ಬಡಿಗೇರ ಅಜ್ಜ ಬಿದಿರಿನ ಚಕ್ಕೆಯಿಂದ ಮೆಲ್ಲನೆ ಕೆರೆದರು. ಕಬ್ಬಿಣ ತಾಗಿಸಲು ಅವರು ಬಿಡಲಿಲ್ಲ. “ಬಹುಧಾನ್ಯ ಸಂ, ವೈಶಾಖ ಶು ೧೦” ಎಂದು ಮೂಡಿತು. ಶಕೆ ಇಲ್ಲ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ಆದ್ದರಿಂದ ಇದು ೧೮೧೮ ಇರಬಹುದು, ೧೮೭೮ ಇರಬಹುದು, ೧೯೩೮ ಇರಬಹುದು. ಅತ್ತೆ ಹುಟ್ಟಿದಾಗಲೇ ಈ ಮನೆ ಹಳೆಯದೆಂದು ಅವರ ಅಜ್ಜಿ ಹೇಳುತ್ತಿದ್ದರಂತೆ; ಕಡೆಯದನ್ನು ಬಿಟ್ಟೆವು. ಉಳಿದದ್ದು ಎರಡು. ೧೮೧೮ ಎಂದು ನಾವೆಲ್ಲ ಒಕ್ಕೊರಲಿನಿಂದ ಹೇಳಿದೆವು. ಆ ವರ್ಷದ ಜೂನ್ ೩ರಂದು ತಾನೆ ಎರಡನೆಯ ಬಾಜೀರಾಯನು ಇಂಗ್ಲಿಷರಿಗೆ ಶರಣಾದದ್ದು? ಅದಕ್ಕೆ ಕೆಲವೇ ದಿನ ಮುಂಚೆ, ವೈಶಾಖದಲ್ಲಿ, ನಮ್ಮ ಹಿರಿಯರು ಬಾಗಿಲು ನಿಲ್ಲಿಸಿದರು. ಪೇಶವೆಯರ ಕಾಲ ಎಂಬ ಮಾತು ಕೂದಲೆಳೆಯಲ್ಲಿ ಉಳಿಯಿತು. ಆ ರಾತ್ರಿ ನಮ್ಮ ಸಂತೋಷವನ್ನು ನೋಡಬೇಕಿತ್ತು.

ಸಂತೋಷ ಕೆಟ್ಟದ್ದು ದೇವರ ಮನೆಯ ಅಟ್ಟದಿಂದ. ಕೆಂಪು ಅರಿವೆಯಲ್ಲಿ ಸುತ್ತಿದ ಒಂದು ದಪ್ತರ ಅಲ್ಲಿತ್ತು. ನಮ್ಮ ಮನೆತನದ್ದು ಊರ ಲೆಕ್ಕ ಬರೆಯುವ ಕೆಲಸ, ಜೊತೆಗೆ ಅಷ್ಟಿಷ್ಟು ಸಾವುಕಾರಿ. ಕಾಗದವೆಲ್ಲ ಮೋಡಿಯಲ್ಲಿ. ಹಳೆಯ ಮುಂಬಯಿ ಪ್ರಾಂತದ ನಮ್ಮ ಜಿಲ್ಲೆಗಳಲ್ಲಿ ಲೆಕ್ಕಪತ್ರಗಳು ಆ ಲಿಪಿಯಲ್ಲಿಯೇ ನಡೆಯುತ್ತಿದ್ದವು. ನಮ್ಮಲ್ಲಿ ಯಾರಿಗೂ ಅದು ಓದಲು ಬಾರದು. ಒಂದೊಂದು ಹಾಳೆಯ ಚಿತ್ರ ತೆಗೆದುಕೊಂಡು ಪುಣೆಗೆ ಬಂದು, ಮೋಡಿ ಬಲ್ಲ ಹಿರಿಯರೊಬ್ಬರ ಮುಂದೆ ಇಟ್ಟೆವು. ಅವರು ಎರಡು ವಾರ ಕೂತು ಓದಿಸಿದರು. ಮೂರನೆಯ ಹಾಳೆಯಲ್ಲಿಯೇ ಉತ್ತರವಿತ್ತು: ಶಕೆ ೧೮೦೦, ಬಹುಧಾನ್ಯನಾಮ ಸಂವತ್ಸರೆ, ಹೊಸ ಮನೆಯ ಖರ್ಚು. ಶಕೆ ೧೮೦೦ ಎಂದರೆ ಕ್ರಿ.ಶ. ೧೮೭೮. ಪೇಶವಾಯಿ ಮುಳುಗಿ ಅರವತ್ತು ವರ್ಷವಾಗಿತ್ತು.

ವಯಸ್ಸು ಅರವತ್ತು ಕಡಿಮೆಯಾದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ೧೮೭೮ ಎಂಥ ವರ್ಷವೆಂಬುದನ್ನು ಬಲ್ಲವರು ಬಲ್ಲರು. ಧಾತು, ಈಶ್ವರ ಸಂವತ್ಸರಗಳ ಬರ, ಎಂದರೆ ೧೮೭೬-೭೮ರ ಬರ, ಆಗತಾನೇ ಮುಗಿಯುತ್ತಿತ್ತು. ನಮ್ಮ ಊರು ಆಗ ಕಲಾದಗಿ ಜಿಲ್ಲೆಯಲ್ಲಿ. ೧೮೭೨ರ ಖಾನೇಸುಮಾರಿಗೂ ೧೮೮೧ರ ಖಾನೇಸುಮಾರಿಗೂ ನಡುವೆ ಆ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯಿತು. ಅಂಥ ವೇಳೆಯಲ್ಲಿ ಒಂದು ಮನೆತನ ಕೆತ್ತನೆಯ ಕಂಬಗಳ ಹೊಸ ಮನೆ ಕಟ್ಟಿತು. ಗದಗ-ಹೊಟಗಿ ರೈಲು ಇನ್ನೂ ಬಂದಿರಲಿಲ್ಲ; ಸಾಗುವಾನಿ ತೊಲೆಗಳು ಘಟ್ಟದ ಕಾಡಿನಿಂದ ಚಕ್ಕಡಿಗಳ ಮೇಲೆಯೇ ಬಂದಿರಬೇಕು. ಇಷ್ಟು ಹೇಗೆ ಸಾಧ್ಯವಾಯಿತು?

ಅದಕ್ಕೂ ದಪ್ತರದಲ್ಲಿ ಉತ್ತರವಿತ್ತು. ಖರ್ಚಿನ ಯಾದಿಯಲ್ಲಿ ಕೂಲಿಯ ಕಡೆಗೆ ರೂಪಾಯಿಯ ಕಲಮೇ ಇಲ್ಲ. ಗೋಡೆಯವರಿಗೆ ಜೋಳ, ಮಣ್ಣು ಹೊತ್ತವರಿಗೆ ಜೋಳ, ಬಡಿಗನಿಗೆ ಕಂಬಕ್ಕೆ ಇಂತಿಷ್ಟು ಜೋಳ. ಹಗೇವು ತೆರೆದದ್ದು ನಿಜ, ಸುಳ್ಳಲ್ಲ. ಆದರೆ ಹೊರಗೆ ಬಂದ ಪ್ರತಿಯೊಂದು ಅಳತೆಗೂ ಎದುರು ಒಂದು ಹೆಸರಿದೆ, ಹೆಸರಿನ ಎದುರು ಕೆಲಸವಿದೆ. ಕೆಲಸ ಮಾಡಲಾರದವರ ಹೆಸರಿನ ಎದುರು ಗಹಾಣ ಇಟ್ಟ ಹೊಲದ ತುಣುಕು ಇದೆ. ಎಷ್ಟೋ ಹೆಸರುಗಳ ಮುಂದೆ, ಬಿಡಿಸಿಕೊಂಡರೆಂಬ ಗುರುತು ಇಲ್ಲ.

ಇದನ್ನು ಓದಿ ಮುಗಿಸಿದ ದಿನ ನಮ್ಮ ಮನೆಯಲ್ಲಿ ಮಾತು ನಡೆಯಲಿಲ್ಲ. ಆಮೇಲೆ ಬೇಕಾದಷ್ಟು ನಡೆಯಿತು. ಮನೆಯ ಚರಿತ್ರೆಯಲ್ಲಿ ಇದನ್ನು ಸೇರಿಸುವುದು ಬೇಡ, ಕಂಬ-ಬೋದಿಗೆಗಳ ವರ್ಣನೆ ಸಾಕು ಎಂದು ನಮ್ಮಲ್ಲಿ ಹಿರಿಯರ ವಾದ. ಜೋಳ ಸಿಕ್ಕದಿದ್ದರೆ ಅವರೂ ಉಳಿಯುತ್ತಿರಲಿಲ್ಲವಲ್ಲ ಎಂದು ಇನ್ನೊಬ್ಬರು. ಅದು ದಿಟವೆ. ಹಾಗಾದರೆ ಗಹಾಣದ ಹೊಲ ಏಕೆ ತಿರುಗಿ ಕೊಡಲಿಲ್ಲ ಎಂದು ಮಗ. ಅದಕ್ಕೆ ಯಾರಲ್ಲಿಯೂ ಉತ್ತರವಿರಲಿಲ್ಲ. ನೂರು ವರ್ಷ ತುಂಬುವ ಮೊದಲೇ, ೧೯೭೪ರ ಭೂಸುಧಾರಣೆಯಲ್ಲಿ ಆ ಹೊಲಗಳು ಉಳುವವರ ಕೈಗೆ ಹೋದವು. ನಮ್ಮ ಅಜ್ಜ ಅದಕ್ಕಾಗಿ ಸಾಯುವತನಕ ಸರಕಾರವನ್ನು ಬಯ್ಯುತ್ತಿದ್ದರು. ದಪ್ತರ ಓದಿದ ಮೇಲೆ ಆ ಬೈಗುಳ ನಮಗೆ ಬೇರೆಯಾಗಿ ಕೇಳಿಸುತ್ತದೆ.

ಕಡೆಗೆ ಬಡಿಗೇರ ಅಜ್ಜನನ್ನೇ ಕೇಳಬೇಕೆಂದು ತೀರ್ಮಾನವಾಯಿತು. ಸಂಕ್ರಾಂತಿಗೆ ತಿರುಗಿ ಊರಿಗೆ ಹೋದೆವು. ಪಡಸಾಲೆಯಲ್ಲಿ ಕೂತು, ಅಳುಕುತ್ತಲೇ, ಹಾಳೆ ಓದಿ ಹೇಳಿದೆವು.

ಅವರು ಕೇಳಿದ್ದು ಒಂದೇ ಮಾತು. “ನಮ್ಮ ಮುತ್ತ್ಯಾನ ಮುತ್ತ್ಯಾಂದು ಹೆಸರು ಐತೇನ್ರಿ ಅದರಾಗ?”

“ಐತಿ.”

“ಕಂಬ ಎಷ್ಟು ಕೆತ್ತಿದಾ ಅಂತ ಬರದಾರು?”

“ಹನ್ನೆರಡು.”

ಅಜ್ಜ ಎದ್ದು ಕಂಬಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟುತ್ತ ಎಣಿಸಿದರು. ಹನ್ನೆರಡು ಇದ್ದವು. “ಜ್ವಾಳಾ ತಿಂದ್ರು, ಬದುಕಿದ್ರು. ಅದಕ್ಕ ನಾ ಇಲ್ಲಿ ಕುಂತೀನಿ. ಆದ್ರ ಬರೀರಿ. ಎಲ್ಲಾರ ಹೆಸರೂ ಬರೀರಿ. ನಮ್ಮಂದಿ ಹೆಸರು ಬ್ಯಾರೆ ಯಾವ ಕಾಗದದಾಗ ಐತಿ?”

ಹೀಗಾಗಿ ಬರೆಯುತ್ತಿದ್ದೇವೆ. ಚರಿತ್ರೆಯ ಪುಸ್ತಕದಲ್ಲಿ ನಕ್ಷೆ, ಚಿತ್ರ, ಅಳತೆಗಳ ಜೊತೆಗೆ ದಪ್ತರದ ಹೆಸರುಗಳ ಪೂರ್ತಿ ಯಾದಿ ಇರುತ್ತದೆ. ಊರಿನವರು ಬಂದು ತಮ್ಮ ಹಿರಿಯರ ಹೆಸರು ಗುರುತಿಸತೊಡಗಿದ್ದಾರೆ. ಕೆಲವರು ನಗುತ್ತಾರೆ. ಒಬ್ಬರು ಓದಿಸಿಕೊಂಡು, ನೀರು ಸಹ ಕುಡಿಯದೆ ಹೋದರು. ಅದನ್ನೂ ಹೇಳಿಬಿಡುವುದು ಮೇಲು.

ಹಗೇವಿನ ಮಾತು ಬಂದಿತಷ್ಟೆ? ಅದು ದಂದಕ್ಕಿಯ ಮೂಲೆಯಲ್ಲಿ ಈಗಲೂ ಇದೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಗೋಡೆಗೆ ಕಣಿಕೆಯ ಹೊದಿಕೆ ಹಚ್ಚಿ, ಜೋಳ ತುಂಬಿ, ಹುಲ್ಲು ಹಾಸಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದಿದ್ದರೆ ಹುಳ ಬದುಕುವುದಿಲ್ಲ. ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಅದೇ ಕಾರಣದಿಂದ ಮುಚ್ಚಿದ ಹಗೇವಿಗೆ ಒಮ್ಮೆಲೇ ಇಳಿದವರು ಪ್ರಾಣ ಕಳೆದುಕೊಂಡದ್ದೂ ಉಂಟು. ನಮ್ಮ ಮಗ ಇಳಿಯಲು ಆತುರಪಟ್ಟಾಗ ಅತ್ತೆ ಗದರಿಸಿದರು. ಕಲ್ಲು ತೆಗೆದು ಒಂದು ದಿನ ಬಿಟ್ಟು, ದೀಪ ಕಟ್ಟಿ ಇಳಿಬಿಟ್ಟು, ದೀಪ ಆರಲಿಲ್ಲವೆಂಬುದನ್ನು ನೋಡಿಯೇ ಏಣಿ ಇಳಿಸಿದ್ದು. ಆಳ ೫ ಗಜ. ಒಳಗೆ ಕರಿ ಹಿಡಿದ ಕಣಿಕೆಯ ಚೂರುಗಳಲ್ಲದೆ ಬೇರೇನೂ ಇರಲಿಲ್ಲ.

ಮನೆಯನ್ನೇ ಬಿಚ್ಚಿ ಬೇರೆಡೆ ನಿಲ್ಲಿಸಬಾರದೆ ಎಂದು ಮಿತ್ರರು ಕೇಳುತ್ತಾರೆ. ಆಗದ ಮಾತಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕುಕನೂರಿನ ಕಮಲ ಮಹಲನ್ನು, ಹರ್ಕೂರಿನ ಮನೆಯನ್ನು ಬಿಚ್ಚಿ ತಂದು ನಿಲ್ಲಿಸಿದ್ದನ್ನು ಅನೇಕರು ನೋಡಿದ್ದಾರೆ. ಚೆನ್ನೈಯ ನಮ್ಮ ಬಂಧುಗಳಿಗೆ ಇನ್ನೂ ಹತ್ತಿರ: ಮುಟ್ಟುಕಾಡಿನಲ್ಲಿ ೧೯೯೬ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯೊಂದು ನಿಂತಿದೆ, ನಮ್ಮ ಜಿಲ್ಲೆಯದೇ. ಆದರೆ ಅದಕ್ಕೆ ಬೇಕಾದ ಹಣ, ಜಾಗ, ಛಲ ಮೂರೂ ನಮ್ಮಂಥವರ ಕೈಯಲ್ಲಿಲ್ಲ. ಕಟ್ಟಿಗೆಯನ್ನು ಬಿಚ್ಚಬಹುದು, ಮಣ್ಣಿನ ಮಾಳಿಗೆಯನ್ನು ಬಿಚ್ಚುವುದು ಹೇಗೆ? ಈ ನಡುವೆ ಕಂಬಗಳನ್ನು ಕೊಳ್ಳಲು ಪೇಟೆಯ ವ್ಯಾಪಾರಿಯೊಬ್ಬ ಎರಡು ಸಲ ಬಂದು ಹೋದ. ಯಾವುದೋ ಹೋಟೆಲಿನ ಮುಂಬಾಗಿಲಿಗಂತೆ. ನಮ್ಮಲ್ಲಿ ಒಬ್ಬಿಬ್ಬರಿಗೆ ಮನಸ್ಸು ಅತ್ತ ವಾಲಿತ್ತು ಎಂಬುದನ್ನು ಮುಚ್ಚಿಡುವುದೇಕೆ? ಹನ್ನೆರಡರಲ್ಲಿ ಒಂದು ಕಂಬ ಬಡಿಗೇರರ ಹೊಸ ಮನೆಗೆ ಹೋಗಬೇಕೆಂಬುದೊಂದು ಮಾತ್ರ ಈಗ ಎಲ್ಲರೂ ಒಪ್ಪಿದ್ದು. ಮಿಕ್ಕ ಹನ್ನೊಂದರ ಜಗಳ ಇನ್ನೂ ನಡೆದಿದೆ.

ಸಂಕ್ರಾಂತಿಯ ಮರುದಿನ ನಕ್ಷೆ ಪೂರ್ತಿಯಾಯಿತೆಂದು ಪಡಸಾಲೆಯಲ್ಲಿ ಹರಡಿ ಅತ್ತೆಗೆ ತೋರಿಸಿದೆವು. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಬೆರಳಿನಿಂದ ತಲೆಬಾಗಿಲಿನಿಂದ ಒಳಗೆ ನಡೆದರು. ದಂದಕ್ಕಿ, ಪಡಸಾಲೆ, ನಡುಮನೆ. ಅಡುಗೆಮನೆಗೆ ಬಂದು ಬೆರಳು ನಿಂತಿತು.

“ಒಳ್ಳು ಎಲ್ಲೆ ಅದ?”

ನೆಲದಲ್ಲಿ ಹೂತ ಒರಳುಕಲ್ಲನ್ನು ನಾವು ನಾಲ್ವರೂ ಮರೆತಿದ್ದೆವು. ಅದರ ಮೇಲೆ ನುಚ್ಚಿನ ಡಬ್ಬಿ ಇಟ್ಟು ಎಷ್ಟೋ ವರ್ಷವಾಗಿತ್ತು. ಅತ್ತೆ ಡಬ್ಬಿ ಸರಿಸಿ, ಸೆರಗಿನಿಂದ ಕಲ್ಲು ಒರೆಸಿ, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ನಾವು ಗಜಕಡ್ಡಿ ತರಲು ಎದ್ದೆವು.